ವ್ಯವಹಾರ ತಂತ್ರಾಂಶಕ್ಕೆ ಏನು ಬೇಕೆಂಬುದನ್ನು ಯಾರಿಂದ, ಹೇಗೆ ಕೇಳಿ ತಿಳಿಯಬೇಕು? ಕಲ್ಯಾಣ ಕರ್ನಾಟಕದಲ್ಲಿ ಕೆಲಸ ಮಾಡುವವರ ಚರ್ಚೆ

ತೊಗರಿನಾಡು, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ದಾಲ್ ಮಿಲ್ಲುಗಳಿಗೆ, ಅಡತಿ ಅಂಗಡಿಗಳಿಗೆ (ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿಗಳು) ವ್ಯವಹಾರ ತಂತ್ರಾಂಶ ಮಾಡಿಕೊಡುವ ಸಣ್ಣ ತಂಡವೊಂದರಲ್ಲಿ ನಾನಿದ್ದೇನೆ. ಕೋಡ್ ಬರೆಯುವವರು ಬೇರೆ ಇದ್ದಾರೆ. ಗಿರಾಕಿಗಳ ಬಳಿಗೆ ಹೋಗಿ ಅವರಿಗೆ ಏನು ಬೇಕೆಂದು ಕೇಳಿ, ಬರೆದು, ಒಪ್ಪಿಗೆ ಪಡೆದು ತರುವುದು ನನ್ನ ಪಾಲಿನ ಕೆಲಸ. ಯೋಜನೆಗಳು ಹಳಿ ತಪ್ಪುವುದು ಬಹುಪಾಲು ಈ ಹಂತದಲ್ಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ನಮ್ಮ ಭಾಗದಲ್ಲಿ ಇದರ ಬಗ್ಗೆ ಕನ್ನಡದಲ್ಲಿ ವಿವರವಾದ ಮಾತುಕತೆ ನಡೆದದ್ದನ್ನು ನಾನು ಕಂಡಿಲ್ಲವಾದ್ದರಿಂದ ಇಲ್ಲಿ ಆರಂಭಿಸುತ್ತಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. ಮಿಲ್ಲಿನ ಸಾವುಕಾರರನ್ನು ಏನು ಬೇಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಲೆಕ್ಕ ನಡೆಯುತ್ತಿದೆ, ಅದರ ಜೊತೆಗೆ ಸ್ಟಾಕ್ ಸರಿಯಾಗಿ ಕಾಣಬೇಕು. ಈ ಒಂದು ವಾಕ್ಯವನ್ನು ನಂಬಿ ಹೊರಟ ತಂಡವು ಮಾರುಕಟ್ಟೆಯಲ್ಲಿ ಸಿಗುವ ಯಾವುದಾದರೂ ಕಾರ್ಖಾನೆ ತಂತ್ರಾಂಶದ ಮಾದರಿಯನ್ನು ಮುಂದಿಟ್ಟುಕೊಳ್ಳುತ್ತದೆ. ಆ ಮಾದರಿಯಲ್ಲಿ ಹಲವು ಬಿಡಿಭಾಗಗಳು ಸೇರಿ ಒಂದು ವಸ್ತು ತಯಾರಾಗುತ್ತದೆ. ದಾಲ್ ಮಿಲ್ಲಿನಲ್ಲಿ ನಡೆಯುವುದು ಇದಕ್ಕೆ ತೀರಾ ವಿರುದ್ಧ. ಒಂದೇ ತೊಗರಿಯಿಂದ ಬೇಳೆ, ನುಚ್ಚು, ಚುನ್ನಿ, ಹೊಟ್ಟು ಎಲ್ಲವೂ ಹೊರಬರುತ್ತವೆ, ಪ್ರತಿಯೊಂದಕ್ಕೂ ಬೇರೆ ದರ, ಬೇರೆ ಗಿರಾಕಿ. ಚುನ್ನಿ ಮತ್ತು ಹೊಟ್ಟು ದನದ ಮೇವಿಗೆ ಹೋಗುತ್ತವೆ. ನೂರು ಕಿಲೋ ತೊಗರಿಗೆ ಸುಮಾರು ಎಪ್ಪತ್ತು ಕಿಲೋ ಬೇಳೆ ಬಂದರೆ ಸರಿಯಾದ ಇಳುವರಿ ಎನ್ನುತ್ತಾರೆ, ಆದರೆ ತೊಗರಿಯ ತಳಿ, ಕಾಳಿನ ಗಾತ್ರ, ತೇವ ಇವುಗಳಿಗೆ ತಕ್ಕಂತೆ ಅದು ಮೇಲೆ ಕೆಳಗೆ ಆಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಎಣ್ಣೆ ಸವರಿ ಅಂಗಳದಲ್ಲಿ ಬಿಸಿಲಿಗೆ ಹರಡಿದ ಮಾಲು ದಿನದಿಂದ ದಿನಕ್ಕೆ ತೂಕ ಕಳೆದುಕೊಳ್ಳುತ್ತದೆ. ಮೋಡ ಕವಿದರೆ ಮಾಲು ಅಂಗಳದಲ್ಲೇ ಹೆಚ್ಚು ದಿನ ನಿಲ್ಲುತ್ತದೆ. ಹಾಗಾದರೆ ಸಂಜೆ ಆರಕ್ಕೆ ಗೋದಾಮಿನಲ್ಲೂ ಇಲ್ಲದ, ಬೇಳೆಯೂ ಆಗದ ಆ ಮಾಲನ್ನು ಸ್ಟಾಕಿನಲ್ಲಿ ಯಾವ ಹೆಸರಿನಲ್ಲಿ, ಎಷ್ಟು ತೂಕದಲ್ಲಿ ತೋರಿಸಬೇಕು?

ಈ ಪ್ರಶ್ನೆಯನ್ನು ಸಾವುಕಾರರು ಎತ್ತಲಿಲ್ಲ, ಲೆಕ್ಕಪರಿಶೋಧಕರೂ ಎತ್ತಲಿಲ್ಲ. ಅಂಗಳದ ಉಸ್ತುವಾರಿ ನೋಡುವ ವ್ಯಕ್ತಿಯ ಜೇಬಿನಲ್ಲಿದ್ದ ಸಣ್ಣ ನೋಟ್‌ಪುಸ್ತಕದಲ್ಲಿ ಅದಕ್ಕೆ ಉತ್ತರವಿತ್ತು. ಪ್ರತಿ ರಾಶಿಗೆ ಒಂದು ಅಂಕಿ ಕೊಟ್ಟು, ಹರಡಿದ ದಿನದ ತೂಕ ಮತ್ತು ಎತ್ತಿದ ದಿನದ ತೂಕ ಎರಡನ್ನೂ ಅವರು ಬರೆದಿಡುತ್ತಿದ್ದರು. ಅಂಥ ವ್ಯಕ್ತಿಯನ್ನು ಯಾವ ಸಭೆಗೂ ಯಾರೂ ಕರೆಯುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವವರಿಗೆ ಕೆಲಸದ ಒಳಗು ತಿಳಿದಿರುವುದಿಲ್ಲ, ಒಳಗು ತಿಳಿದವರಿಗೆ ಸಹಿ ಹಾಕುವ ಅಧಿಕಾರವಿರುವುದಿಲ್ಲ. ನೀವೆಲ್ಲ ಈ ಅಂತರವನ್ನು ಹೇಗೆ ದಾಟುತ್ತೀರಿ ಎಂಬುದೇ ನನ್ನ ಮುಖ್ಯ ಪ್ರಶ್ನೆ.

ಗಂಜಿನ ಮುನೀಮ, ಕಲಬುರಗಿ

ತಮ್ಮಾ, ನೀವು ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಮೇಜಿನ ಆಚೆ ಬದಿಯವನು. ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿಯ ಲೆಕ್ಕ ಬರೆಯುತ್ತ ಬಂದಿದ್ದೇನೆ, ಕೆಂಪು ಬಟ್ಟೆಯ ಖಾತೆ ಪುಸ್ತಕದಿಂದ ಕಂಪ್ಯೂಟರಿನವರೆಗೆ ಎಲ್ಲ ಬದಲಾವಣೆಯನ್ನೂ ಕಂಡಿದ್ದೇನೆ. ಕೇಳಲು ಬರುವವರ ಬಗ್ಗೆ ನನ್ನ ಮಾತುಗಳನ್ನು ನೇರವಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಅವರು ಬರುವ ಕಾಲ ಸರಿಯಿರುವುದಿಲ್ಲ. ಹೊಸ ತೊಗರಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಜೋರಾಗಿ ಬರುತ್ತದೆ. ಆಗ ನಮಗೆ ಊಟ ಮಾಡಲೂ ಪುರಸೊತ್ತು ಇರುವುದಿಲ್ಲ. ಆ ದಿನಗಳಲ್ಲಿ ಬಂದು ಎದುರು ಕುಳಿತು ಪ್ರಶ್ನೆ ಕೇಳಿದರೆ ಬಾಯಿಗೆ ಬಂದ ಉತ್ತರ ಕೊಟ್ಟು ಕಳಿಸುತ್ತೇವೆ. ಮಳೆಗಾಲದಲ್ಲಿ ಬಂದರೆ ಸಮಯ ಇರುತ್ತದೆ, ಆದರೆ ಆಗ ಸುಗ್ಗಿಯ ತೊಡಕುಗಳು ಒಂದೂ ಕಣ್ಣ ಮುಂದೆ ಇರುವುದಿಲ್ಲ, ನೆನಪಿನಿಂದ ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿರುತ್ತದೆ. ಆದ್ದರಿಂದ ಸುಗ್ಗಿಯಲ್ಲಿ ಬಂದು ಸುಮ್ಮನೆ ನೋಡಿ, ಮಳೆಗಾಲದಲ್ಲಿ ಬಂದು ಕೇಳಿ ಎಂದು ನಾನು ಹೇಳುತ್ತೇನೆ.

ಎರಡನೆಯ ಮಾತು ಕೇಳುವ ರೀತಿಯದು. ನಿಮಗೆ ಏನು ಬೇಕು ಎಂದು ಕೇಳಿದರೆ ನನ್ನಂಥವನು ಏನು ಹೇಳಲಿ? ಕಂಪ್ಯೂಟರ್ ಏನು ಮಾಡಬಲ್ಲದು ಎಂಬುದು ನನಗೆ ಗೊತ್ತಿಲ್ಲ. ಅದರ ಬದಲು ನಿನ್ನೆ ಬಂದ ರೈತರ ಪಟ್ಟಿಯನ್ನು, ಅಂದರೆ ಮಾಲಿನ ಲೆಕ್ಕದ ಚೀಟಿಯನ್ನು, ಹೇಗೆ ಮಾಡಿದಿರಿ ಎಂದು ಕೇಳಿದರೆ ಎಲ್ಲವನ್ನೂ ಹೇಳಬಲ್ಲೆ. ಬಿತ್ತನೆ ಹೊತ್ತಿಗೆ ಮುಂಗಡ ಪಡೆದಿದ್ದ ರೈತ ಹೆಂಡತಿಯ ಹೆಸರಿನಲ್ಲಿ ಮಾಲು ತಂದಿದ್ದ. ಅರ್ಧ ಮಾಲಿನ ದರ ಒಪ್ಪಿಗೆಯಾಯಿತು, ಉಳಿದರ್ಧವನ್ನು ದರ ಏರುವ ತನಕ ಇಡಿ ಎಂದು ನಮ್ಮಲ್ಲೇ ಬಿಟ್ಟು ಹೋದ. ಹಮಾಲಿ ಮಾತ್ರ ಪೂರ್ತಿ ಮಾಲಿನ ಮೇಲೆ ಅಂದೇ ಕೊಡಬೇಕಾಯಿತು. ಇಂಥದ್ದು ನಮಗೆ ದಿನದ ಮಾತು. ಇದನ್ನು ವಿಶೇಷ ಸಂದರ್ಭವೆಂದು ಬದಿಗಿಟ್ಟು ಮಾಡಿದ ತಂತ್ರಾಂಶ ನಮ್ಮ ಅಂಗಡಿಯಲ್ಲಿ ಒಂದು ವಾರ ಸಹ ನಡೆಯುವುದಿಲ್ಲ.

ಮೂರನೆಯದನ್ನು ಹೇಳಲು ಸ್ವಲ್ಪ ಕಷ್ಟವಾಗುತ್ತದೆ, ಆದರೂ ಹೇಳಬೇಕು. ಸಾವುಕಾರರು ಪಕ್ಕದಲ್ಲಿ ಕುಳಿತಿರುವಾಗ ಗುಮಾಸ್ತ ಬಾಯಿ ಬಿಡುವುದಿಲ್ಲ. ಲೆಕ್ಕದಲ್ಲಿ ತಾನು ಕೈಯಿಂದ ಸರಿಪಡಿಸುವ ಜಾಗಗಳನ್ನು ಹೇಳಿದರೆ ತನ್ನ ಮೇಲೆ ಸಂಶಯ ಬರುತ್ತದೆಂಬ ಅಂಜಿಕೆ ಒಂದು ಕಡೆ, ಎಲ್ಲವನ್ನೂ ಹೇಳಿಬಿಟ್ಟರೆ ನಾಳೆ ತನ್ನ ನೌಕರಿಯೇ ಬೇಡವಾಗುತ್ತದೆಂಬ ಅಂಜಿಕೆ ಇನ್ನೊಂದು ಕಡೆ. ಈ ಅಂಜಿಕೆ ಹೋಗದೆ ನಿಮಗೆ ನಿಜ ಸಿಗುವುದಿಲ್ಲ.

ಸಗರನಾಡು, ಶಹಾಪುರ

ಮುನೀಮ ಕಾಕಾ ಅವರ ಮಾತು ನೂರಕ್ಕೆ ನೂರು ನಿಜ. ನಾನು ಯಾದಗಿರಿ ಜಿಲ್ಲೆಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ತೊಡಗಿದ್ದವನು. ದೇಶದ 63,000 ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಇಡೀ ದೇಶಕ್ಕೆ ಒಂದೇ ತಂತ್ರಾಂಶ ಎಂದಾಗ ಪ್ರತಿ ರಾಜ್ಯದ, ಪ್ರತಿ ಜಿಲ್ಲೆಯ ದಾಖಲೆಯ ರೂಢಿಗಳು ಎಷ್ಟು ಮುಖ್ಯವಾಗುತ್ತವೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಜಮೀನಿನ ವಿಸ್ತೀರ್ಣದ ವಿಷಯವನ್ನೇ ನೋಡಿ. ನಮ್ಮ ಪಹಣಿಯಲ್ಲಿ ವಿಸ್ತೀರ್ಣ ಎಕರೆ ಮತ್ತು ಗುಂಟೆಯಲ್ಲಿ ಇರುತ್ತದೆ, ಒಂದು ಎಕರೆಗೆ 40 ಗುಂಟೆ. ಎರಡು ಎಕರೆ ಇಪ್ಪತ್ತು ಗುಂಟೆ ಎಂದರೆ ಎರಡೂವರೆ ಎಕರೆ. ಸಂಘದ ಹಳೆಯ ರಿಜಿಸ್ಟರಿನಲ್ಲಿ ಇದನ್ನು 2.20 ಎಂದು ಚುಕ್ಕೆ ಇಟ್ಟು ಬರೆದಿರುತ್ತಾರೆ, ಬರೆದವರಿಗೂ ಓದುವವರಿಗೂ ಅದರಲ್ಲಿ ಯಾವ ಗೊಂದಲವೂ ಇರುವುದಿಲ್ಲ. ತಂತ್ರಾಂಶದ ವಿಸ್ತೀರ್ಣದ ಅಂಕಣವನ್ನು ಸಾಮಾನ್ಯ ದಶಮಾಂಶ ಸಂಖ್ಯೆಯೆಂದು ಮಾಡಿದರೆ ಅದೇ 2.20 ಎಂಬುದು ಎರಡು ಎಕರೆ ಎಂಟು ಗುಂಟೆಯಾಗಿಬಿಡುತ್ತದೆ. ಬೆಳೆ ಸಾಲವನ್ನು ಎಕರೆಗೆ ಇಷ್ಟು ಎಂದು ಲೆಕ್ಕ ಹಾಕುವುದರಿಂದ ಹನ್ನೆರಡು ಗುಂಟೆಯ ಸಾಲ ರೈತನ ಕೈತಪ್ಪುತ್ತದೆ. ಇನ್ನೂ ಕೆಟ್ಟದ್ದು ಒಟ್ಟು ಕೂಡುವಾಗ: 1.30 ಮತ್ತು 1.30 ಸೇರಿದರೆ ಯಂತ್ರ 2.60 ಎನ್ನುತ್ತದೆ, ಸರಿಯಾದ ಉತ್ತರ ಮೂರು ಎಕರೆ ಇಪ್ಪತ್ತು ಗುಂಟೆ. ಅಗತ್ಯಗಳನ್ನು ಬರೆದುಕೊಂಡ ದಾಖಲೆಯಲ್ಲಿ ವಿಸ್ತೀರ್ಣ ನಮೂದಿಸುವ ಸೌಲಭ್ಯ ಎಂದಷ್ಟೇ ಇದ್ದರೆ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅಂಥ ಸೌಲಭ್ಯ ಇದ್ದೇ ಇರುತ್ತದೆ.

ಹೆಸರುಗಳದ್ದು ಇನ್ನೊಂದು ಕಥೆ. ಒಬ್ಬನೇ ರೈತ ಪಹಣಿಯಲ್ಲಿ ತಂದೆಯ ಹೆಸರಿನೊಂದಿಗೆ, ಆಧಾರ್‌ನಲ್ಲಿ ಮನೆತನದ ಹೆಸರಿನೊಂದಿಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಒಂದು ಅಕ್ಷರದ ಇನಿಷಿಯಲ್‌ನೊಂದಿಗೆ ಇರುತ್ತಾನೆ. ಜಂಟಿ ಖಾತೆ ಇದ್ದರೆ ಒಂದೇ ಸರ್ವೆ ನಂಬರಿನಡಿ ಅಣ್ಣತಮ್ಮಂದಿರೆಲ್ಲ ಇರುತ್ತಾರೆ, ತೀರಿಕೊಂಡ ತಂದೆಯ ಹೆಸರೂ ಉಳಿದಿರುತ್ತದೆ. ಮೂರೂ ಕಡೆ ಹೆಸರು ಒಂದೇ ಇರಬೇಕೆಂದು ತಂತ್ರಾಂಶ ಪಟ್ಟು ಹಿಡಿದರೆ ಊರಿನ ದೊಡ್ಡ ಪಾಲು ಸದಸ್ಯರು ಹೊರಗುಳಿಯುತ್ತಾರೆ. ಏನಿದ್ದರೂ ಸರಿ ಎಂದು ಬಿಟ್ಟರೆ ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬರುತ್ತದೆ. ಇಲ್ಲಿ ಯಾವ ನಿಯಮ ಇರಬೇಕು ಎಂಬುದು ತಂತ್ರಜ್ಞರು ತೀರ್ಮಾನಿಸುವ ವಿಷಯವಲ್ಲ. ಸಂಘದ ಕಾರ್ಯದರ್ಶಿ, ಬ್ಯಾಂಕಿನ ಮೇಲ್ವಿಚಾರಕ, ಗ್ರಾಮ ಆಡಳಿತಾಧಿಕಾರಿ ಇವರು ಕೂಡಿ ಹೇಳಬೇಕು.

ಹಳೆಯ ಕಡತಗಳ ಅಕ್ಷರದ ಸಮಸ್ಯೆಯನ್ನೂ ಹೇಳಿ ಮುಗಿಸುತ್ತೇನೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಪಟ್ಟಿಗಳನ್ನು ಪರಿವರ್ತಿಸುವಾಗ ಒತ್ತಕ್ಷರಗಳು ಕೆಡುತ್ತವೆ, ಆಮೇಲೆ ಹುಡುಕಿದರೆ ಹೆಸರು ಸಿಗುವುದಿಲ್ಲ. ಹಳೆಯ ಮಾಹಿತಿಯನ್ನು ತರುವ ಕೆಲಸವನ್ನೂ ಒಂದು ಅಗತ್ಯವೆಂದು ಮೊದಲೇ ಬರೆದುಕೊಳ್ಳದಿದ್ದರೆ ಅದು ಕೊನೆಯ ವಾರದಲ್ಲಿ ಎದುರು ಬಂದು ನಿಲ್ಲುತ್ತದೆ.

ಮಾಂಜ್ರಾ ತೀರ, ಬೀದರ್ (ಸದ್ಯ ಬೆಂಗಳೂರು)

ನಾನು ಬೀದರಿನವನು, ಬೆಂಗಳೂರಿನಲ್ಲಿ ವ್ಯವಹಾರ ತಂತ್ರಾಂಶದ ವಿನ್ಯಾಸ ಮಾಡುತ್ತೇನೆ. ಮೇಲಿನ ಮೂವರ ಬರಹಗಳೂ ಅಮೂಲ್ಯವಾದವು, ಆದರೆ ಒಂದು ಎಚ್ಚರಿಕೆಯ ಮಾತನ್ನು ಸೇರಿಸಲೇಬೇಕು. ಕೆಲಸ ಮಾಡುವವರ ಪಕ್ಕದಲ್ಲಿ ಕುಳಿತು ನೋಡಿದ್ದೆಲ್ಲವನ್ನೂ ಹಾಗೆಯೇ ತಂತ್ರಾಂಶಕ್ಕೆ ಇಳಿಸಿದರೆ, ಕಾಗದದ ಕಾಲದಲ್ಲಿ ಬೇರೆ ದಾರಿಯಿಲ್ಲದೆ ಹುಟ್ಟಿಕೊಂಡ ಪದ್ಧತಿಗಳೂ ಶಾಶ್ವತವಾಗಿ ಉಳಿದುಬಿಡುತ್ತವೆ. ಒಂದೇ ಬಿಲ್ಲನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವುದನ್ನು ಕಂಡು ಮೂರು ಪರದೆಗಳನ್ನು ಮಾಡಿಕೊಟ್ಟ ತಂತ್ರಾಂಶಗಳನ್ನು ನಾನು ನೋಡಿದ್ದೇನೆ. ಆದ್ದರಿಂದ ಪ್ರತಿ ಹೆಜ್ಜೆಗೂ ಇದನ್ನು ಏಕೆ ಮಾಡುತ್ತೀರಿ, ಮಾಡದಿದ್ದರೆ ಯಾರಿಗೆ ತೊಂದರೆಯಾಗುತ್ತದೆ ಎಂದು ಕೇಳಲೇಬೇಕು.

ಹಾಗೆ ಕೇಳಿದಾಗ ಬರುವ ಉತ್ತರಗಳು ಮೂರು ಬಗೆಯವು ಎಂಬುದು ನನ್ನ ಅನುಭವ. ಕೆಲವು ಕಾನೂನಿನಿಂದ ಬಂದವು, ಕೆಲವು ಆ ವ್ಯಾಪಾರದ ಸ್ವಭಾವದಿಂದ ಬಂದವು, ಇನ್ನು ಕೆಲವು ಮಾಲೀಕರ ಇಷ್ಟದಿಂದ ಬಂದವು. ತೊಗರಿಯಿಂದ ಹಲವು ಪದಾರ್ಥ ಹೊರಬರುವುದು ವ್ಯಾಪಾರದ ಸ್ವಭಾವ. ಅದು ನಾಳೆಯೂ ಬದಲಾಗದು, ತಂತ್ರಾಂಶದ ಬುನಾದಿಯಲ್ಲೇ ಇರಬೇಕು. ಮಾಲೀಕರ ಇಷ್ಟ ಬದಲಾಗುತ್ತಲೇ ಇರುತ್ತದೆ, ಅದನ್ನು ಸೆಟ್ಟಿಂಗ್ ಆಗಿ ಇಟ್ಟರೆ ಸಾಕು. ಕಾನೂನಿನದ್ದು ಇವೆರಡಕ್ಕಿಂತ ತೊಡಕಿನದು, ಏಕೆಂದರೆ ಅದು ಬದಲಾಗುವುದು ಖಚಿತ, ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಬೇಳೆಯ ಉದಾಹರಣೆಯನ್ನೇ ಕೊಡುತ್ತೇನೆ. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗ ಬ್ರ್ಯಾಂಡ್ ಇರುವ ಪ್ಯಾಕೆಟ್ಟಿನ ಬೇಳೆಗೆ ಶೇಕಡಾ 5 ತೆರಿಗೆ, ಬ್ರ್ಯಾಂಡ್ ಇಲ್ಲದ ಬೇಳೆಗೆ ತೆರಿಗೆ ಇಲ್ಲ ಎಂದಿತ್ತು. ಆಗ ತಂತ್ರಾಂಶ ಮಾಡಿದವರು ಬ್ರ್ಯಾಂಡ್ ಇದೆಯೇ ಎಂಬ ಒಂದು ಗುರುತನ್ನು ಇಟ್ಟು ಕೆಲಸ ಮುಗಿಸಿದರು. 2022ರ ಜುಲೈ 18ರಿಂದ ಅಳತೆಗೋಲೇ ಬದಲಾಯಿತು: ಮೊದಲೇ ತುಂಬಿ ಲೇಬಲ್ ಹಚ್ಚಿದ, 25 ಕಿಲೋವರೆಗಿನ ಚೀಲಕ್ಕೆ ತೆರಿಗೆ, ಅದನ್ನು ಮೀರಿದ ಚೀಲಕ್ಕೆ ಇಲ್ಲ. ಈಗ ಬಿಲ್ಲಿನ ಪ್ರತಿ ಸಾಲಿನಲ್ಲೂ ಚೀಲದ ಗಾತ್ರ ಬೇಕು. ಚೀಲದ ಲೆಕ್ಕವನ್ನೇ ಇಡದೆ ಒಟ್ಟು ಕ್ವಿಂಟಾಲ್ ಮಾತ್ರ ಇಟ್ಟಿದ್ದ ತಂತ್ರಾಂಶಗಳಿಗೆ ಇದು ಸಣ್ಣ ತಿದ್ದುಪಡಿಯಾಗಿ ಉಳಿಯಲಿಲ್ಲ. ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಾಯಿಸುವ ನಿಯಮ, ಕೂಡ ಹೀಗೆಯೇ ಬಂತು. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಮಾತ್ರ ಇದ್ದದ್ದು 2023ರ ಆಗಸ್ಟ್ ಹೊತ್ತಿಗೆ 5 ಕೋಟಿ ಮೀರಿದವರಿಗೂ ಬಂದಿತು. ನಮಗೆ ಇದು ಬೇಡ ಎಂದು 2020ರಲ್ಲಿ ಹೇಳಿದ ಮಿಲ್ಲಿನವರ ಮಾತು ಆ ದಿನಕ್ಕೆ ಸತ್ಯವೇ ಆಗಿತ್ತು.

ಬರೆಯುವ ಕ್ರಮದ ಬಗ್ಗೆಯೂ ಒಂದು ಮಾತು. ಐಎಸ್‌ಒ, ಐಇಸಿ, ಐಇಇಇ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳು ಕೂಡಿ ಪ್ರಕಟಿಸಿದ 29148 ಎಂಬ ಮಾನದಂಡ ಇದೆ, ಈಗಿನ ಆವೃತ್ತಿ 2018ರದು. ಬರೆದುಕೊಂಡ ಪ್ರತಿ ಅಗತ್ಯಕ್ಕೂ ಒಂದೇ ಅರ್ಥ ಇರಬೇಕು, ಒಂದೇ ಸಂಗತಿಯನ್ನು ಹೇಳಬೇಕು, ಅದು ಈಡೇರಿತೋ ಇಲ್ಲವೋ ಎಂದು ಪರೀಕ್ಷಿಸಲು ಸಾಧ್ಯವಿರಬೇಕು ಎಂಬುದು ಅದರ ಸಾರದಲ್ಲಿ ಬರುತ್ತದೆ. ವೇ ಬ್ರಿಡ್ಜಿನಲ್ಲಿ ತಂತ್ರಾಂಶ ಚುರುಕಾಗಿರಬೇಕು ಎಂದು ಬರೆದರೆ ಅದನ್ನು ಪರೀಕ್ಷಿಸಲಾಗದು. ಲಾರಿಯ ತೂಕ ಸ್ಥಿರವಾದ 5 ಸೆಕೆಂಡಿನೊಳಗೆ ಚೀಟಿ ಹೊರಬರಬೇಕು, ಇಂಟರ್ನೆಟ್ ಇಲ್ಲದಿದ್ದರೂ ಬರಬೇಕು ಎಂದು ಬರೆದರೆ ಗಡಿಯಾರ ಹಿಡಿದು ನೋಡಬಹುದು. ಬಾಯಿಮಾತಿನ ಮೇಲೆ ವಿಶ್ವಾಸವಿಟ್ಟು ನಡೆದ ಯೋಜನೆಗಳಲ್ಲಿ ಕೊನೆಗೆ ನಷ್ಟ ಅನುಭವಿಸುವುದು ಸಣ್ಣ ತಂಡಗಳೇ ಆದ್ದರಿಂದ ನಾನು ಈ ಕ್ರಮವನ್ನು ಬಿಡಲಾರೆ.

ಬಿದರಿ ಕುಸುರಿ, ಬೀದರ್

ನಾನು ಬಿದರಿ ಕಲೆಯ ವಸ್ತುಗಳ ಮಾರಾಟ ನೋಡಿಕೊಳ್ಳುವ ಹೆಣ್ಣುಮಗಳು. ನಮ್ಮದು ಚಿಕ್ಕ ವ್ಯವಹಾರ, ದೊಡ್ಡ ತಂತ್ರಾಂಶಗಳ ಮಾತು ನಮಗೆ ಹೊಂದುವುದಿಲ್ಲವೇನೋ ಎಂದು ಹಿಂಜರಿಯುತ್ತಲೇ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬಂದವರೆಲ್ಲ ಮಾರಾಟದ ಬಗ್ಗೆಯೇ ಕೇಳಿದರು. ಆನ್‌ಲೈನ್ ಅಂಗಡಿ, ಚಿತ್ರಗಳು, ಕೊರಿಯರ್ ಇವೇ ಅವರ ತಲೆಯಲ್ಲಿದ್ದವು. ನಮಗೆ ನಿಜವಾಗಿ ತೊಂದರೆಯಿದ್ದದ್ದು ಬೆಳ್ಳಿಯ ಲೆಕ್ಕದಲ್ಲಿ. ಸತು ಮತ್ತು ತಾಮ್ರದ ಎರಕ ಒಬ್ಬರ ಮನೆಯಲ್ಲಿ, ಕೆತ್ತನೆ ಇನ್ನೊಬ್ಬರ ಮನೆಯಲ್ಲಿ, ಬೆಳ್ಳಿ ತಂತಿ ಕೂರಿಸುವುದು ಮತ್ತೊಬ್ಬರ ಮನೆಯಲ್ಲಿ. ತೂಗಿ ಕೊಟ್ಟ ಬೆಳ್ಳಿಯಲ್ಲಿ ಎಷ್ಟು ವಸ್ತುವಿನಲ್ಲಿ ಕೂತಿತು, ಎಷ್ಟು ತುಂಡಾಗಿ ವಾಪಸ್ಸಾಯಿತು, ಉಜ್ಜುವಾಗ ಎಷ್ಟು ಪುಡಿಯಾಗಿ ಹೋಯಿತು ಎಂಬುದು ಕೂಡಿ ಬರಬೇಕು. ಬೆಳ್ಳಿಯ ದರ ದಿನವೂ ಬದಲಾಗುವಾಗ ಅರ್ಧ ಗ್ರಾಮಿನ ವ್ಯತ್ಯಾಸವೂ ಮನಸ್ತಾಪಕ್ಕೆ ಕಾರಣವಾಗುತ್ತದೆ. ಕಡೆಗೆ ಒಬ್ಬ ವಿದ್ಯಾರ್ಥಿ ಬಂದು ಕುಶಲಕರ್ಮಿಗಳ ಜೊತೆ ಅವರ ದಖ್ಖನಿ ಭಾಷೆಯಲ್ಲೇ ಮಾತನಾಡಿದಾಗ ಇದೆಲ್ಲ ಹೊರಬಂತು. ನಮ್ಮ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ನಡೆಯುತ್ತವೆ. ಕೇಳುವವರಿಗೆ ಒಂದೇ ಭಾಷೆ ಗೊತ್ತಿದ್ದರೆ ಅರ್ಧ ಜನರ ಅಗತ್ಯ ಕೇಳದೇ ಉಳಿಯುತ್ತದೆ.

ಕಚೇರಿ ಕಡತ, ಕಲಬುರಗಿ

ಇಲ್ಲಿಯವರೆಗಿನ ಮಾತು ಖಾಸಗಿ ವ್ಯವಹಾರದ್ದಾಯಿತು. ಟೆಂಡರ್ ಮೂಲಕ ತಂತ್ರಾಂಶ ಕೊಳ್ಳುವ ಸಂಸ್ಥೆಗಳ ಪಾಡು ಬೇರೆಯೇ ಇದೆ. ನಾನು ಶಿಕ್ಷಣ ಸಂಸ್ಥೆಯೊಂದರ ಪ್ರವೇಶ ವಿಭಾಗದಲ್ಲಿ ಕೆಲಸ ಮಾಡಿದವನು. 1999ರ ಸಾರ್ವಜನಿಕ ಸಂಗ್ರಹಣೆಯ ಪಾರದರ್ಶಕತೆ ಕಾಯ್ದೆಯ ಪ್ರಕಾರ ನಡೆಯುವ ಟೆಂಡರಿನಲ್ಲಿ, ಏನು ಬೇಕೆಂಬುದನ್ನು ಮಾರಾಟಗಾರ ಬಾಗಿಲಿಗೆ ಬರುವ ಮೊದಲೇ ಬರೆದು ಮುಗಿಸಿರಬೇಕು. ಬರೆಯುವ ಗುಮಾಸ್ತರಿಗೆ ತಂತ್ರಾಂಶ ಗೊತ್ತಿರುವುದಿಲ್ಲ. ಹಾಗಾಗಿ ಬೇರೆ ಸಂಸ್ಥೆಯ ಹಳೆಯ ಟೆಂಡರ್ ದಾಖಲೆಯನ್ನು ತಂದು ಹೆಸರು ಬದಲಿಸುವುದು ರೂಢಿಯಾಗಿದೆ.

ಇದರ ಪರಿಣಾಮ ಏನಾಗುತ್ತದೆಂದರೆ, ನಮ್ಮ ಭಾಗಕ್ಕೇ ಸೇರಿದ ವಿಷಯಗಳು ಬಿಟ್ಟುಹೋಗುತ್ತವೆ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70ರಷ್ಟು ಸೀಟುಗಳ ಮೀಸಲಾತಿ ಇದೆ. ರಾಜ್ಯದ ಬೇರೆ ಭಾಗದ ಸಂಸ್ಥೆಯ ದಾಖಲೆಯನ್ನು ನಕಲು ಮಾಡಿದಲ್ಲಿ ಈ ಪ್ರಮಾಣ ಹೊಂದುವುದಿಲ್ಲ. ನಾನು ಕಂಡ ತಂತ್ರಾಂಶವೊಂದರಲ್ಲಿ 371(ಜೆ) ಪ್ರಮಾಣಪತ್ರದ ಸಂಖ್ಯೆಯನ್ನು ಬರೆಯಲು ಒಂದು ಖಾನೆಯೂ ಇರಲಿಲ್ಲ, ಮೀಸಲಾತಿಯ ಪಟ್ಟಿಯಲ್ಲಿ ಜಾತಿ ಪ್ರವರ್ಗಗಳು ಮಾತ್ರ ಇದ್ದವು. ಅದು ಜಾತಿ ಪ್ರವರ್ಗಗಳ ಜೊತೆಗೇ ಅಡ್ಡವಾಗಿ ಅನ್ವಯಿಸುವ ಮೀಸಲಾತಿಯಾದ್ದರಿಂದ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿದರೆ ಕೆಲಸ ಆಗುವುದಿಲ್ಲ, ಸೀಟು ಹಂಚಿಕೆಯ ಲೆಕ್ಕವನ್ನೇ ಬೇರೆ ರೀತಿ ಮಾಡಬೇಕು. ಆ ವರ್ಷ ಹಂಚಿಕೆಯನ್ನು ಸಿಬ್ಬಂದಿ ರಾತ್ರಿ ಕುಳಿತು ಎಕ್ಸೆಲ್‌ನಲ್ಲಿ ಮಾಡಿದರು, ತಂತ್ರಾಂಶ ಶುಲ್ಕದ ರಸೀದಿ ಮುದ್ರಿಸಲು ಮಾತ್ರ ಉಪಯೋಗವಾಯಿತು. ಬಡ ವಿದ್ಯಾರ್ಥಿಗಳ ಸೀಟಿನ ವಿಷಯ ಇದು, ಇದರಲ್ಲಿ ಉದಾಸೀನ ಸಲ್ಲದು.

ಟೆಂಡರಿನ ಚೌಕಟ್ಟಿನೊಳಗೇ ಸರಿಯಾಗಿ ಕೇಳಿ ತಿಳಿಯುವ ದಾರಿ ಯಾವುದು ಎಂಬುದನ್ನು ತಿಳಿದವರು ಹೇಳಬೇಕೆಂದು ವಿನಂತಿ.

ತೊಗರಿನಾಡು, ಕಲಬುರಗಿ

ಕಚೇರಿ ಕಡತದವರ ಪ್ರಶ್ನೆಗೆ ನನ್ನ ತಿಳಿವಳಿಕೆಯಂತೆ ಉತ್ತರ ಹೀಗಿದೆ. ಅಧ್ಯಯನದ ಕೆಲಸವನ್ನೂ ತಯಾರಿಕೆಯ ಕೆಲಸವನ್ನೂ ಒಂದೇ ಟೆಂಡರಿನಲ್ಲಿ ಕಟ್ಟಬಾರದು. ಮೊದಲು ಅಧ್ಯಯನಕ್ಕೆ ಮಾತ್ರ ಒಬ್ಬ ಸಲಹೆಗಾರರನ್ನು ನೇಮಿಸಿ, ಅವರು ಪ್ರವೇಶ, ಶುಲ್ಕ, ಪರೀಕ್ಷಾ ವಿಭಾಗಗಳಲ್ಲಿ ಕುಳಿತು ಬರೆದುಕೊಟ್ಟ ದಾಖಲೆಯ ಮೇಲೆ ಎರಡನೆಯ ಟೆಂಡರ್ ಕರೆಯಬೇಕು. ಅಧ್ಯಯನ ಮಾಡಿದವರೇ ತಯಾರಿಕೆಗೂ ಅರ್ಜಿ ಹಾಕಬಾರದು ಎಂಬ ಷರತ್ತಿದ್ದರೆ ತಮ್ಮ ಅನುಕೂಲಕ್ಕೆ ಬರೆಯುವ ಆಸೆಯೂ ಇರುವುದಿಲ್ಲ. ಟೆಂಡರ್ ಪೂರ್ವ ಸಭೆಯನ್ನು ಮೇಲಧಿಕಾರಿಗಳು ಮಾತ್ರ ನಡೆಸದೆ, ಪ್ರವೇಶದ ಕೌಂಟರಿನಲ್ಲಿ ಕೂರುವ ಸಿಬ್ಬಂದಿಯನ್ನೂ ಅಲ್ಲಿ ಕೂರಿಸಬೇಕು.

ಮಾಂಜ್ರಾ ತೀರದವರು ಹೇಳಿದ ಮೂರು ಬಗೆಯ ವಿಂಗಡಣೆಯನ್ನು ನಾನು ಇನ್ನು ಮುಂದೆ ನನ್ನ ದಾಖಲೆಗಳಲ್ಲಿ ಬಳಸುತ್ತೇನೆ. ಆದರೆ ಮಾನದಂಡದ ಪ್ರಕಾರ ಬರೆದ ದಾಖಲೆ ಮಾತ್ರ ಸಾಲದು. ನೂರು ಪುಟದ ದಾಖಲೆಯನ್ನು ಮುನೀಮ ಕಾಕಾ ಅವರಂಥವರ ಮುಂದಿಟ್ಟು ಸಹಿ ಕೇಳಿದರೆ ಅವರು ವಿಶ್ವಾಸದ ಮೇಲೆ ಸಹಿ ಹಾಕುತ್ತಾರೆ, ಓದಿ ಹಾಕುವುದಿಲ್ಲ. ಅಂಥ ಸಹಿಯಿಂದ ನಮ್ಮ ಬಿಲ್ ಪಾಸಾಗಬಹುದು, ಅವರ ಕೆಲಸ ಸಲೀಸಾಗುವುದಿಲ್ಲ.

ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಕಳೆದ ಸುಗ್ಗಿಯ ಪಟ್ಟಿಗಳ ಕಟ್ಟನ್ನು ಕೇಳಿ ಪಡೆಯುತ್ತೇನೆ. ಅದರಲ್ಲಿ ಶುಭ್ರವಾಗಿ ಬರೆದವುಗಳನ್ನು ಬದಿಗಿಟ್ಟು, ಹೊಡೆದು ಹಾಕಿ ತಿದ್ದಿದ, ಹಿಂದುಗಡೆ ಚೀಟಿ ಪಿನ್ ಮಾಡಿದ, ಅಂಚಿನಲ್ಲಿ ಪೆನ್ಸಿಲ್ ಟಿಪ್ಪಣಿ ಇರುವ ಪಟ್ಟಿಗಳನ್ನು ಆರಿಸುತ್ತೇನೆ. ಒಮ್ಮೆ ಅಂಥ ಒಂದು ಪಟ್ಟಿಯಲ್ಲಿ 38 ಚೀಲ ಎಂದಿದ್ದದ್ದನ್ನು 37 ಎಂದು ತಿದ್ದಿ, ತೂಕವನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಕೇಳಿದಾಗ, ಒಂದು ಚೀಲ ಹರಿದಿತ್ತು, ಅದರ ಕಾಳನ್ನು ಉಳಿದ ಚೀಲಗಳಿಗೆ ತುಂಬಿದೆವು, ಹಮಾಲಿ ಚೀಲದ ಲೆಕ್ಕಕ್ಕೆ, ಹಣ ತೂಕದ ಲೆಕ್ಕಕ್ಕೆ ಎಂದರು. ಅಲ್ಲಿಯವರೆಗೆ ನಮ್ಮ ವಿನ್ಯಾಸದಲ್ಲಿ ಚೀಲದ ಸಂಖ್ಯೆಯನ್ನು ಸರಾಸರಿ ತೂಕದಿಂದ ಗುಣಿಸಿ ಒಟ್ಟು ತೂಕ ಪಡೆಯುವ ಯೋಚನೆ ಇತ್ತು. ಆ ಒಂದು ಕಾಗದದಿಂದ ಚೀಲ ಮತ್ತು ತೂಕವನ್ನು ಬೇರೆ ಬೇರೆಯಾಗಿ ದಾಖಲಿಸಬೇಕೆಂದು ತೀರ್ಮಾನವಾಯಿತು.

ಹೀಗೆ ಆರಿಸಿದ ಹಳೆಯ ಪಟ್ಟಿಗಳನ್ನೇ ಕೊನೆಯ ಪರೀಕ್ಷೆಗೂ ಇಟ್ಟುಕೊಳ್ಳಬೇಕು. ಒಪ್ಪಂದದಲ್ಲಿ, ಈ ಪಟ್ಟಿಗಳನ್ನು ಮುನೀಮರು ತಾವೇ ತಂತ್ರಾಂಶದಲ್ಲಿ ನಮೂದಿಸಿದಾಗ ಕೈಬರಹದ ಮೊತ್ತವೇ ಬರಬೇಕು ಎಂದು ಬರೆದರೆ, ಮಾಂಜ್ರಾ ತೀರದವರು ಬಯಸುವ ಪರೀಕ್ಷಿಸಬಹುದಾದ ಅಗತ್ಯವೂ ಸಿಕ್ಕಂತಾಯಿತು, ಮುನೀಮರಿಗೆ ಅರ್ಥವಾಗುವ ಭಾಷೆಯಲ್ಲೂ ಇದ್ದಂತಾಯಿತು.

ಗಂಜಿನ ಮುನೀಮ, ಕಲಬುರಗಿ

ಹರಿದ ಚೀಲದ ಮಾತು ಓದಿ ಸಮಾಧಾನವಾಯಿತು, ಇಷ್ಟು ನೋಡುವವರು ಇದ್ದಾರಲ್ಲ ಎಂದು. ಒಂದು ಪ್ರಶ್ನೆ ಉಳಿದಿದೆ. ಸಾವುಕಾರರು ಒಂದು ಹೇಳಿ, ನಾವು ಇನ್ನೊಂದು ಹೇಳಿದರೆ ನೀವು ಯಾರ ಮಾತು ಬರೆದುಕೊಳ್ಳುತ್ತೀರಿ? ಒಂದು ಮಿಲ್ಲಿನಲ್ಲಿ ಹೀಗಾಯಿತು. ಒಮ್ಮೆ ಉಳಿಸಿದ ಬಿಲ್ಲನ್ನು ಯಾರೂ ಮುಟ್ಟಬಾರದು ಎಂದು ಮಾಲೀಕರು ಹೇಳಿದರು, ಹಾಗೆಯೇ ತಂತ್ರಾಂಶ ಬಂತು. ಹೊರ ರಾಜ್ಯದ ಖರೀದಿದಾರರು ಮಾಲು ಇಳಿಸಿಕೊಂಡ ಮೇಲೆ ಬೇಳೆಯಲ್ಲಿ ತುಂಡು ಹೆಚ್ಚಿದೆ ಎಂದು ಕ್ವಿಂಟಾಲಿಗೆ ಇಷ್ಟು ಎಂದು ಕಡಿತ ಮಾಡುತ್ತಾರೆ. ಅದನ್ನು ಎಲ್ಲಿ ತೋರಿಸಬೇಕೆಂದು ತಿಳಿಯದೆ ಅಲ್ಲಿನ ಲೆಕ್ಕಿಗರು ಇತರೆ ಖರ್ಚು ಎಂಬ ಖಾತೆಗೆ ಹಾಕುತ್ತ ಹೋದರು. ವರ್ಷದ ಕೊನೆಗೆ ಆ ಖಾತೆ ಬೆಳೆದು, ಮಾಲೀಕರಿಗೂ ಲೆಕ್ಕಿಗರಿಗೂ ಮಾತು ಬಿಟ್ಟುಹೋಗುವ ಮಟ್ಟಕ್ಕೆ ಬಂತು.

ಮಾಂಜ್ರಾ ತೀರ, ಬೀದರ್ (ಸದ್ಯ ಬೆಂಗಳೂರು)

ಕಾಕಾ ಅವರೇ, ಇಲ್ಲಿ ಇಬ್ಬರ ಮಾತೂ ಸರಿಯಾಗಿದೆ, ಆದ್ದರಿಂದ ಒಬ್ಬರ ಮಾತನ್ನು ಮಾತ್ರ ಬರೆದುಕೊಳ್ಳುವ ಪ್ರಶ್ನೆಯೇ ಬರಬಾರದಿತ್ತು. ಬಿಲ್ಲನ್ನು ಯಾರೂ ಮುಟ್ಟಬಾರದು ಎಂಬ ಮಾಲೀಕರ ಮಾತಿನ ಹಿಂದೆ ಇದ್ದದ್ದು ಮೋಸವಾಗಬಾರದು ಎಂಬ ಕಾಳಜಿ. ಲೆಕ್ಕಿಗರಿಗೆ ಬೇಕಾದದ್ದು ಒಪ್ಪಿದ ಕಡಿತವನ್ನು ತೋರಿಸುವ ದಾರಿ. ಮೂಲ ಬಿಲ್ಲನ್ನು ತಿದ್ದದೆ ಅದರ ಮೇಲೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತದಲ್ಲಿ ಇಷ್ಟು ಕಡಿಮೆಯಾಯಿತು ಎಂಬ ಚೀಟಿ, ಮಾಡಿದರೆ ಎರಡೂ ಈಡೇರುತ್ತವೆ. ತೆರಿಗೆ ಇರುವ ಬಿಲ್ಲಾದರೆ ಸಿಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಲ್ಲೇ ಇದಕ್ಕೆ ಅವಕಾಶವಿದೆ. ಮಾಲಿನಲ್ಲಿ ಕೊರತೆ ಕಂಡುಬಂದಾಗ ಕೊಡುವ ಕ್ರೆಡಿಟ್ ನೋಟ್ ಅದರಲ್ಲಿ ಬರುತ್ತದೆ. ಪ್ರತಿ ಕ್ರೆಡಿಟ್ ನೋಟಿಗೆ ಕಾರಣ ಮತ್ತು ಮಾಲೀಕರ ಮಂಜೂರಾತಿ ಕಡ್ಡಾಯ ಎಂದು ಸೇರಿಸಿದರೆ ಅವರ ಕಾಳಜಿಗೂ ಉತ್ತರ ಸಿಕ್ಕಿತು. ಏಕೆ ಎಂದು ಕೇಳದೆ ಬರೆದುಕೊಂಡ ಅಗತ್ಯ ಇಂಥ ಜಗಳಕ್ಕೆ ದಾರಿಯಾಗುತ್ತದೆ. ತೊಗರಿನಾಡಿನವರ ಹಳೆಯ ಪಟ್ಟಿಗಳ ಪರೀಕ್ಷೆಯನ್ನೂ ನಾನು ಮನಸಾರೆ ಒಪ್ಪುತ್ತೇನೆ, ಆದರೆ ಅದರ ಜೊತೆ ಮಾಡಬಾರದ್ದರ ಪರೀಕ್ಷೆಯೂ ಇರಲಿ: ಮಂಜೂರಾತಿ ಇಲ್ಲದೆ ಕ್ರೆಡಿಟ್ ನೋಟ್ ಮಾಡಲು ಹೋದರೆ ತಂತ್ರಾಂಶ ತಡೆಯಬೇಕು.

ಸಗರನಾಡು, ಶಹಾಪುರ

ಅಧ್ಯಯನಕ್ಕೆ ಪ್ರತ್ಯೇಕ ಹಣ ಕೊಡಲು ನಮ್ಮ ಭಾಗದ ಸಂಘಗಳು, ಅಂಗಡಿಗಳು ಒಪ್ಪುವುದಿಲ್ಲ ಎಂಬ ಮಾತು ಬರುತ್ತದೆ, ಅದಕ್ಕೆ ನಾವು ಮಾಡಿಕೊಂಡ ಏರ್ಪಾಡನ್ನು ತಿಳಿಸುತ್ತೇನೆ. ಅಧ್ಯಯನದ ದಾಖಲೆ ಗಿರಾಕಿಯ ಸ್ವತ್ತು ಎಂದು ಮೊದಲೇ ಬರೆದುಕೊಡುತ್ತೇವೆ. ಅದನ್ನು ಹಿಡಿದು ಅವರು ಬೇರೆ ತಂಡದಿಂದಲೂ ತಂತ್ರಾಂಶ ಮಾಡಿಸಬಹುದು. ನಮ್ಮಿಂದಲೇ ಮಾಡಿಸಿದರೆ ಅಧ್ಯಯನದ ಮೊತ್ತವನ್ನು ಒಟ್ಟು ಬೆಲೆಯಲ್ಲಿ ವಜಾ ಮಾಡುತ್ತೇವೆ. ದಾಖಲೆಯ ಕೊನೆಯಲ್ಲಿ ಆಯ್ದ ಹಳೆಯ ಕಾಗದಗಳ ನಕಲು, ಪ್ರತಿಯೊಂದರ ಪಕ್ಕದಲ್ಲಿ ಅದನ್ನು ವಿವರಿಸಿದವರ ಸಹಿ ಇರುತ್ತದೆ. ಒಪ್ಪಿಗೆಯ ಸಭೆಯಲ್ಲಿ ಕಾರ್ಯದರ್ಶಿ, ಗುಮಾಸ್ತ, ಆಡಳಿತ ಮಂಡಳಿಯ ಒಬ್ಬರು ಮೂವರೂ ಇರಬೇಕು, ಮತ್ತು ಗುಮಾಸ್ತರು ತಮ್ಮ ಕಾಗದಗಳನ್ನು ತಾವೇ ಓದಿ ಹೇಳಬೇಕು ಎಂಬ ಷರತ್ತನ್ನೂ ಇಟ್ಟಿದ್ದೇವೆ. ಈ ದಾಖಲೆಯ ಖಾಲಿ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಿದ್ದೇನೆ. ಕಚೇರಿ ಕಡತದವರಿಗೆ ಟೆಂಡರಿನ ಕೆಲಸಕ್ಕೆ, ಬಿದರಿ ಕುಸುರಿ ಅಕ್ಕನವರಿಗೆ ಬೆಳ್ಳಿಯ ಲೆಕ್ಕಕ್ಕೆ ಹೊಂದುವಂತೆ ಎರಡು ಪ್ರತಿ ಮಾಡಿ ಈ ವಾರದೊಳಗೆ ಇಲ್ಲಿಯೇ ಹಾಕುತ್ತೇನೆ.